ಬಣ್ಣ ಓಡದ ಪುಟ

ಬೂದಿ ಬುಧವಾರದಂದು ಲೋಲಾ ಸೆಲಾ, ಅಂದರೆ ಸೆಲಾ ಅಜ್ಜಿ, ಹಣೆಯ ಮೇಲೆ ಬೂದಿಯ ಶಿಲುಬೆ ಹಾಕಿಸಿಕೊಂಡು, ಮೊಮ್ಮಗಳ ಭುಜ ಹಿಡಿದು ಇಗರ್ಜಿಯಿಂದ ಮನೆಗೆ ಬಂದರೆ, ನಡುಮನೆಯಲ್ಲಿ ಸಂತರ ಮೂರ್ತಿಗಳ ಪಕ್ಕದಲ್ಲೇ ಕರೋಕೆ ಪೆಟ್ಟಿಗೆ ನಿಂತಿತ್ತು. ಬೀರುವಿನಷ್ಟು ಎತ್ತರ. ಮೇಲೆ ಹೂವಿನ ಹಾಸು ಹೊದಿಸಿದ್ದರಿಂದ ಯಾರೋ ದಪ್ಪ ಹೆಂಗಸು ಮುಸುಕು ಹಾಕಿಕೊಂಡು ಪ್ರಾರ್ಥನೆಗೆ ನಿಂತ ಹಾಗೆ ಕಾಣುತ್ತಿತ್ತು.

ಅದು ಅವಳ ಮಗ ದಾದೋನ ಚಿಕ್ಕಪ್ಪನ ಮಗ ತೋನ್ಯೊ ಬಾಡಿಗೆಗೆ ಕೊಡುವ ಪೆಟ್ಟಿಗೆ. ತೋನ್ಯೊ ತನ್ನ ಮನೆಯ ತುಕ್ಕು ಹಿಡಿದ ತಗಡು ಬಿಚ್ಚಿಸಿ ಹೊಸ ಸೂರು ಹಾಕಿಸುತ್ತಿದ್ದ. ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲದಲ್ಲಿ ಬಾಡಿಗೆಗೆ ಕೇಳುವವರೂ ಕಡಿಮೆ. ಈಸ್ಟರಿನ ತನಕ ಇಲ್ಲಿರಲಿ ಎಂದು ತಂದಿಟ್ಟು ಹೋಗಿದ್ದ.

“ಸಂತರ ಪಕ್ಕ ಸೈತಾನನ್ನ ನಿಲ್ಸಿದೀಯ,” ಎಂದಳು ಲೋಲಾ. ಜನವರಿಯಲ್ಲಿ ಲಕ್ವ ಹೊಡೆದ ಮೇಲೆ ಅವಳ ಬಾಯಿ ಎಡಕ್ಕೆ ವಾಲಿತ್ತು. ಮಾತು ಒದ್ದೆ ಬಟ್ಟೆಯಂತೆ ಭಾರವಾಗಿ ಬರುತ್ತಿತ್ತು.

“ಮುಸುಕು ಹಾಕಿದೀನಲ್ಲ ನಾನಾಯ್,” ಎಂದ ದಾದೋ ತಾಯಿಗೆ. “ಅವರಿಗೆ ಕಾಣಲ್ಲ ಬಿಡು.”

ಆ ಸಂಜೆ ಊಟಕ್ಕೆ ಹೆಸರುಕಾಳಿನ ಸಾರು, ಒಣಮೀನು. ದಾದೋನ ಹೆಂಡತಿ ರೋವೆನಾ ಅತ್ತೆಯ ತಟ್ಟೆಗೆ ಅನ್ನವನ್ನು ಮೆತ್ತಗೆ ಹಿಸುಕಿ ಹಾಕುತ್ತಿದ್ದಳು. ಲೋಲಾ ತಟ್ಟೆ ನೋಡಲಿಲ್ಲ, ಸೊಸೆಯ ಮುಖ ನೋಡಿದಳು.

“ಈ ಸಲ ನೀನೇ,” ಎಂದಳು.

ಏನು ಎಂದು ರೋವೆನಾ ಕೇಳಲಿಲ್ಲ. ಜನವರಿಯಿಂದ ಅವಳು ಈ ಮೂರು ಪದಕ್ಕೆ ಹೆದರಿಕೊಂಡೇ ಓಡಾಡಿದ್ದಳು. ಸೌಟು ಕೈಜಾರಿ ಸಾರಿನ ಪಾತ್ರೆಯೊಳಗೆ ಮುಳುಗಿತು.

ವಿಷಯ ಏನೆಂದರೆ, ಮೂವತ್ತೇಳು ವರ್ಷದ ಹಿಂದೆ ಎಂಟು ವರ್ಷದ ದಾದೋ ಜ್ವರದಲ್ಲಿ ಕಣ್ಣು ಮೇಲೆ ಮಾಡಿದ್ದಾಗ ಲೋಲಾ ಸೆಲಾ ನೆಲಕ್ಕೆ ಮಂಡಿಯೂರಿ ಹರಕೆ ಹೊತ್ತಿದ್ದಳು. ಮಗ ಉಳಿದರೆ ಪ್ರತಿವರ್ಷ ಶುಭ ಶುಕ್ರವಾರದ ಹಿಂದಿನ ಪವಿತ್ರ ಗುರುವಾರ ತನ್ನ ಅಂಗಳದಲ್ಲಿ ಪಬಾಸಾ ನಡೆಯುತ್ತದೆ. ಯೇಸುವಿನ ಯಾತನೆಯ ಕಥೆಯನ್ನು ಮೊದಲ ಪುಟದಿಂದ ಕೊನೆಯ ಪುಟದ ತನಕ ಎರಡು ಕಡೆಯವರು ಕೂತು, ಒಂದು ಚರಣ ಇವರು ಒಂದು ಚರಣ ಅವರು, ದನಿ ಕಡಿಯದ ಹಾಗೆ ಹಾಡುತ್ತಾರೆ. ಇಷ್ಟು ಎಲ್ಲರೂ ಹೊರುವ ಹರಕೆಯೇ. ಆದರೆ ಲೋಲಾ ಭಯದ ಭರದಲ್ಲಿ ಇನ್ನೊಂದು ಮಾತು ಸೇರಿಸಿಬಿಟ್ಟಿದ್ದಳು: ಮೊದಲ ಚರಣವನ್ನು ಈ ಮನೆಯ ಒಲೆ ಹಿಡಿದವಳೇ ಒಬ್ಬಳೇ ಹಾಡುತ್ತಾಳೆ. ಆಗ ಒಲೆ ಹಿಡಿದವಳು ತಾನೇ ಆದ್ದರಿಂದ ಅದು ದೊಡ್ಡ ಮಾತೆನಿಸಿರಲಿಲ್ಲ. ಆಮೇಲೆ ಒಲೆ ದಾದೋನ ಮೊದಲ ಹೆಂಡತಿ ಆಂಪಾರೋಳ ಕೈಗೆ ಹೋಯಿತು. ಅವಳ ಕಂಠಕ್ಕೆ ಬೀದಿಯ ನಾಯಿಗಳೂ ಸುಮ್ಮನಾಗುತ್ತಿದ್ದವಂತೆ. ಮಗಳು ಜೆಸಲಿನ್‌ಗೆ ಆರು ತುಂಬಿದ ವರ್ಷ ಆಂಪಾರೋ ತೀರಿಕೊಂಡಳು. ಒಲೆ ಮತ್ತೆ ಲೋಲಾಳಿಗೆ ಬಂತು. ಮೂರು ವರ್ಷದ ಹಿಂದೆ ದಾದೋ ರೋವೆನಾಳನ್ನು ಕಟ್ಟಿಕೊಂಡ ಮೇಲೂ ಲೋಲಾ ಸೌಟು ಬಿಟ್ಟುಕೊಡಲಿಲ್ಲ. ಜನವರಿಯಲ್ಲಿ ಬಲಗೈ ಬಿದ್ದುಹೋದ ಮೇಲೆ ಬಿಡಲೇಬೇಕಾಯಿತು.

ಒಲೆ ಮುಂದೆ ಹಾಡುವ ಹುಡುಗಿಗೆ ಹೆಂಡತಿ ಸತ್ತ ಗಂಡ ಸಿಗುತ್ತಾನೆ ಎಂದು ಆ ಕಡೆ ಅಜ್ಜಿಯರು ಹೆದರಿಸುವುದುಂಟು. ನೀನು ಎಷ್ಟು ಹಾಡಿದ್ದೆಯೋ ಎಂದು ಲೋಲಾ ರೋವೆನಾಳನ್ನು ಚುಚ್ಚುತ್ತಿದ್ದಳು. ನಿಜವಾಗಿ ರೋವೆನಾ ಒಲೆ ಮುಂದೆಯೂ ಹಾಡಿದವಳಲ್ಲ, ಬಾವಿಯ ಹತ್ತಿರವೂ ಹಾಡಿದವಳಲ್ಲ. ಸಾಮಾರ್ ದ್ವೀಪದಿಂದ ದೋಣಿ ಹತ್ತಿ ಮೀನು ಒಣಗಿಸುವ ಕೆಲಸಕ್ಕೆ ಬಂದವಳು. ಈ ಸೀಮೆಯವರು ‘ಎ’ ಎನ್ನುವ ಕಡೆ ಅವಳ ನಾಲಿಗೆ ‘ಇ’ ಎನ್ನುತ್ತಿತ್ತು. ಸಂತೆಯಲ್ಲಿ ಅವಳು ಏನು ಕೇಳಿದರೂ ಅಂಗಡಿಯವರು ಅದೇ ರಾಗದಲ್ಲಿ ತಿರುಗಿಸಿ ಹೇಳಿ ನಗುತ್ತಿದ್ದರು. ಹಾಗಾಗಿ ಬೀದಿಯಲ್ಲಿ ಯಾರ ಮನೆಯಲ್ಲಿ ಹುಟ್ಟುಹಬ್ಬವಾಗಲಿ, ಕರೋಕೆಯ ಮೈಕು ಕೈಯಿಂದ ಕೈಗೆ ದಾಟುವ ಹೊತ್ತಿಗೆ ಅವಳು ಹಿತ್ತಿಲಿನಲ್ಲಿ ಪಾತ್ರೆಗಳ ಮುಂದೆ ಕೂತಿರುತ್ತಿದ್ದಳು. ಈಗ ಅದೇ ನಾಲಿಗೆ ಪಬಾಸಾದ ದಿನ ಕಂಬದ ಮೇಲಿನ ಧ್ವನಿವರ್ಧಕದಲ್ಲಿ ಇಡೀ ಬೀದಿಗೆ ಕೇಳಬೇಕು.

ಕಲಿಸಲು ಆಲಿಂಗ್ ಬಿನಿಂಗ್ ಬಂದಳು. ಎರಡು ಮನೆ ಆಚೆಯವಳು, ಅರವತ್ತೆಂಟು ವರ್ಷ, ಮೂವತ್ತು ವರ್ಷದಿಂದ ಪಬಾಸಾದ ಎದುರು ಕಡೆಯ ಮುಖ್ಯ ಗಾಯಕಿ. ಮಂಗಳವಾರ, ಶುಕ್ರವಾರ ಮಧ್ಯಾಹ್ನ ಕೊಡೆ ಹಿಡಿದು ಬಂದು, ಶುಂಠಿ ಕಷಾಯ ಕುಡಿದು, ಹಳೆಯ ಧಾಟಿ ಹಾಡಿ ತೋರಿಸುತ್ತಿದ್ದಳು. ಅದು ಏರುವುದಕ್ಕಿಂತ ಇಳಿಯುವುದೇ ಹೆಚ್ಚು. ಒಂದೊಂದು ಅಕ್ಷರವನ್ನೂ ಎಳೆದು, ಹೊರಳಿಸಿ, ಕೊನೆಗೆ ಬಾವಿಯೊಳಗೆ ಕೊಡ ಬಿಟ್ಟ ಹಾಗೆ ಬಿಡಬೇಕು. ರೋವೆನಾಳ ದನಿ ಎರಡನೆಯ ಪದಕ್ಕೇ ಕೊಡ ಸಮೇತ ಬಾವಿಗೆ ಬೀಳುತ್ತಿತ್ತು.

“ನಿನ್ನ ಕುತ್ತಿಗೆ ಯಾರಾದ್ರೂ ಹಿಸುಕ್ತಿದ್ದಾರಾ?” ಎಂದು ಆಲಿಂಗ್ ಬಿನಿಂಗ್ ಕೇಳಿದಳು. ಮೂರನೆಯ ಮಂಗಳವಾರ ಪುಸ್ತಕ ಮುಚ್ಚಿ ಲೋಲಾಳ ಕಡೆ ತಿರುಗಿ, ಆಗದಿದ್ದರೆ ಈ ವರ್ಷ ಪಬಾಸಾ ತನ್ನ ಅಂಗಳದಲ್ಲೇ ಮಾಡಿಕೊಳ್ಳುತ್ತೇನೆ, ತಪ್ಪು ತಿಳಿಯಬೇಡ ಎಂದಳು. ಲೋಲಾ ಆ ರಾತ್ರಿ ಊಟ ಮಾಡಲಿಲ್ಲ.

ಆ ಮಾತಿಗೆ ಎಲ್ಲರಿಗಿಂತ ಹೆಚ್ಚು ಹೆದರಿದವಳು ಹದಿನೈದರ ಜೆಸಲಿನ್. ಹರಕೆ ತಪ್ಪಿದರೆ ಕೊಟ್ಟದ್ದನ್ನು ಕೊಟ್ಟವನೇ ಹಿಂತಿರುಗಿ ತೆಗೆದುಕೊಳ್ಳುತ್ತಾನೆ ಎಂಬುದನ್ನು ಅವಳು ಅಜ್ಜಿಯ ಮಡಿಲಲ್ಲಿ ಕಥೆಯಾಗಿ ಕೇಳಿಯೇ ಬೆಳೆದವಳು. ಮರುದಿನ ಲೋಲಾ ಮಾತ್ರೆ ನುಂಗಿ ಮಲಗಿದ ಮೇಲೆ, ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದ ರೋವೆನಾಳ ಎದುರು ಬಂದು ನಿಂತಳು. ಚಿಕ್ಕಮ್ಮ ಎನ್ನುವಂತೆ ‘ತೀತಾ’ ಎಂದು ಕರೆಯುತ್ತಿದ್ದಳು. ಮೂರು ವರ್ಷದಲ್ಲಿ ಅದರಾಚೆಗೆ ಹೆಚ್ಚು ಮಾತೂ ಇರಲಿಲ್ಲ.

“ನಾನು ಹಾಡಬಹುದಾ ಅಂತ ಕೇಳ್ದೆ. ಲೋಲಾ ಬೇಡ ಅಂದ್ರು. ಒಲೆ ನಿಮ್ಮದಂತೆ.”

“ಗೊತ್ತು.”

“ಪಪ್ಪಾಗೆ ಏನಾದ್ರೂ ಆದ್ರೆ ನಿಮ್ಮಿಂದಲೇ ಆಗೋದು, ತೀತಾ.”

ರೋವೆನಾ ಮೊರ ಕೆಳಗಿಟ್ಟಳು. ಅವಳ ಕಣ್ಣು ನೋಡಿ ಹುಡುಗಿಗೇ ತಾನಂದದ್ದು ಜಾಸ್ತಿಯಾಯಿತೆನಿಸಿರಬೇಕು. ಹೋಗಿ ಕಿಟಕಿ ಹಾಕಿ, ಕರೋಕೆ ಪೆಟ್ಟಿಗೆಯ ಹಾಸನ್ನು ಎಳೆದಳು.

“ಬನ್ನಿ. ಇಲ್ಲಿ ಯಾರೂ ಇಲ್ಲ. ನಿಮಗೆ ಗೊತ್ತಿರೋ ಒಂದು ಹಾಡು ಹೇಳಿ.”

ರೋವೆನಾಳಿಗೆ ಬಾಯಿಪಾಠವಿದ್ದದ್ದು ಒಂದೇ ಹಾಡು: ಹಡಗು ಬಿಟ್ಟ ಮೇಲೂ ಬಂದರಿನ ಕಟ್ಟೆಯ ಮೇಲೆ ಕೂತೇ ಇರುವ ಹೆಂಗಸಿನದು. ಬೀದಿಯ ಯಾವ ಹುಟ್ಟುಹಬ್ಬದಲ್ಲೂ ತಪ್ಪದ ಹಾಡು; ಹಿತ್ತಿಲಲ್ಲಿ ಪಾತ್ರೆ ಉಜ್ಜುತ್ತಾ ಕೇಳಿದ್ದು. ಜೆಸಲಿನ್ ಹಾಡಿನ ಸಂಖ್ಯೆ ಒತ್ತಿದಳು. ಪರದೆಯ ಮೇಲೆ ಬಂದರಿನ ಕಟ್ಟೆಯೂ ಇಲ್ಲ, ಹಡಗೂ ಇಲ್ಲ, ಯಾವುದೋ ದೇಶದ ಹಿಮದ ಬೆಟ್ಟ, ಅದರ ಮುಂದೆ ಹುಲ್ಲು ಮೇಯುವ ಕುದುರೆಗಳು. ಕೆಳಗೆ ಬಿಳಿ ಅಕ್ಷರ.

ಮೊದಲ ದಿನ ರೋವೆನಾ ಮೈಕಿನ ಗುಂಡಿ ಒತ್ತದೆಯೇ ಹಾಡಿದಳು. ಎರಡನೆಯ ದಿನ ಗುಂಡಿ ಒತ್ತಿ, ಮೈಕಿಗೆ ಒಲೆಯ ಮಸಿಬಟ್ಟೆ ಸುತ್ತಿದಳು. ನಾಲಿಗೆ ‘ಇ’ ಎಂದಾಗಲೆಲ್ಲ ನಿಂತುಬಿಡುತ್ತಿದ್ದಳು.

“ಅಕ್ಷರ ಓದಬೇಡಿ,” ಎಂದಳು ಜೆಸಲಿನ್. “ಬಣ್ಣ ನೋಡಿ. ಬಿಳಿ ಅಕ್ಷರದ ಮೇಲೆ ನೀಲಿ ಓಡ್ತಿದೆಯಲ್ಲ, ಅದರ ಹಿಂದೆ ಹೋಗಿ. ನೀವೇನೂ ಮಾಡ್ಬೇಡಿ. ಅದೇ ಕರ್ಕೊಂಡು ಹೋಗುತ್ತೆ.”

ನೀಲಿ ಕರೆದುಕೊಂಡು ಹೋಯಿತು. ಚಿಕ್ಕವಳಿದ್ದಾಗ ಅಪ್ಪನ ಬೆರಳು ಹಿಡಿದು ಮರದ ಸಂಕ ದಾಟಿದ ಹಾಗೆ, ಕೆಳಗೆ ನೋಡದೆ ರೋವೆನಾ ಒಂದು ಸಾಲು ದಾಟಿದಳು, ಇನ್ನೊಂದು ದಾಟಿದಳು. ‘ಇ’ ಬಂತು, ಹೋಯಿತು. ಹಾಡು ಮುಗಿದು ಪೆಟ್ಟಿಗೆ ತುತ್ತೂರಿ ಊದಿ ಎಪ್ಪತ್ತೆರಡು ಅಂಕ ಕೊಟ್ಟಾಗ ಅವಳು ಹಿಂದೆ ಯಾರಿದ್ದಾರೋ ಎನ್ನುವಂತೆ ತಿರುಗಿ ನೋಡಿದಳು. ಜೆಸಲಿನ್ ನಕ್ಕಳು. ಕೆಮ್ಮಿದರೂ ಅರವತ್ತು ಕೊಡುತ್ತೆ ಇದು, ಬೀಗಬೇಡಿ ಎಂದಳು.

ಆಮೇಲಿನ ಹತ್ತು ದಿನ ಆ ಮನೆಯಲ್ಲಿ ಮಧ್ಯಾಹ್ನಗಳೇ ಬೇರೆಯಾದವು. ಊಟದ ಪಾತ್ರೆಗಳು ಬೇಗ ತೊಳೆಸಿಕೊಂಡು ಮಗುಚಿ ಬೀಳುತ್ತಿದ್ದವು. ಮಸಿಬಟ್ಟೆ ಮೈಕಿನಿಂದ ಒಲೆಗೆ ವಾಪಸ್ಸಾಯಿತು. ರೋವೆನಾ ಪಲ್ಲವಿಗೆ ಕಣ್ಣು ಮುಚ್ಚಿ, ಕೊನೆಯ ಸಾಲನ್ನು ಮೇಲಕ್ಕೆಸೆದು, ತಾನೇ ನಾಚಿಕೊಂಡು ಬಾಯಿಗೆ ಕೈ ಹಿಡಿಯುತ್ತಿದ್ದಳು. ಒಂದು ದಿನ ಜೆಸಲಿನ್ ಹೇಳದೆ ಕೇಳದೆ ಕಿಟಕಿ ತೆಗೆದಳು. ರೋವೆನಾ ಕಿಟಕಿಯ ಕಡೆ ತಿರುಗಿದಳು, ಆದರೆ ಹಾಡು ಅರ್ಧದಲ್ಲಿತ್ತು, ನೀಲಿ ಓಡುತ್ತಿತ್ತು. ಮುಗಿದಾಗ ಬೀದಿಯಲ್ಲಿ ಐಸ್ ಮಾರುವವನು ಗಾಡಿ ನಿಲ್ಲಿಸಿಕೊಂಡು ನಿಂತಿದ್ದ.

ಹಿಂದಿನಿಂದ ಊರುಗೋಲಿನ ಸದ್ದು. ಇಬ್ಬರೂ ಕದ್ದು ಸಿಕ್ಕಿಬಿದ್ದವರಂತೆ ನಿಂತರು. ಲೋಲಾ ಬಾಗಿಲ ಚೌಕಟ್ಟು ಹಿಡಿದಿದ್ದಳು.

“ಎಷ್ಟು ಬಂತು?” ಎಂದಳು.

“ತೊಂಬತ್ತೊಂದು, ಲೋಲಾ.”

“ಆಂಪಾರೋಗೆ ತೊಂಬತ್ತೆಂಟು ಬರ್ತಿತ್ತು,” ಎಂದು ಹೇಳಿ ಲೋಲಾ ಮಲಗಲು ಹೋದಳು.

ಆದರೆ ಹಳೆಯ ಧಾಟಿ ಮಾತ್ರ ಹಾಗೇ ಉಳಿಯಿತು. ಆಲಿಂಗ್ ಬಿನಿಂಗ್ ಪುಸ್ತಕ ತೆರೆದರೆ ಸಾಕು, ರೋವೆನಾ ಮೊದಲ ಸಾಲಿನಲ್ಲೇ ನಿಲ್ಲುತ್ತಿದ್ದಳು. ಆ ಅಕ್ಷರಗಳ ಮೇಲೆ ಯಾವ ಬಣ್ಣವೂ ಓಡುತ್ತಿರಲಿಲ್ಲ.

ತಪಸ್ಸುಕಾಲದ ಐದನೆಯ ವಾರದ ಗುರುವಾರ ದಾದೋ ಬಾಡಿಗೆಗೆ ಜನರನ್ನು ಕೂರಿಸಿ ಓಡಿಸುತ್ತಿದ್ದ ಜೀಪ್ನಿ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಗದ್ದೆಯ ಕಾಲುವೆಗೆ ಇಳಿಯಿತು. ಜನರಿಗೆ ಏನೂ ಆಗಲಿಲ್ಲ. ದಾದೋನ ಹಣೆಗೆ ಆರು ಹೊಲಿಗೆ. ಬಿಳಿ ಪಟ್ಟಿ ಕಟ್ಟಿಕೊಂಡು ಅವನು ಬಾಗಿಲಲ್ಲಿ ನಿಂತಾಗ ಲೋಲಾ ಅವನ ಮುಖವನ್ನಲ್ಲ, ಸಂತರ ಮೂರ್ತಿಗಳನ್ನು ನೋಡಿದಳು.

“ಬ್ರೇಕಿನ ಪಟ್ಟಿ ಸವೆದಿತ್ತು ನಾನಾಯ್. ಹಾಕಿಸ್ತೀನಿ ಹಾಕಿಸ್ತೀನಿ ಅಂತ ನಾನೇ ಮುಂದೂಡಿದ್ದೆ.”

“ಮೇಲಿರೋನು ಹೇಳಿ ಕಳ್ಸಿದಾನೆ,” ಎಂದಳು ಲೋಲಾ.

ಅಂದಿನಿಂದ ಪೆಟ್ಟಿಗೆಯ ಮುಸುಕು ಯಾರೂ ತೆಗೆಯಲಿಲ್ಲ. ರೋವೆನಾ ಅನ್ನ ಸೀಯಿಸಿದಳು, ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ದಾದೋ ಬರುವುದು ಹತ್ತು ನಿಮಿಷ ತಡವಾದರೆ ಮನೆಯ ಮೂವರು ಹೆಂಗಸರೂ ಒಬ್ಬರಿಗೊಬ್ಬರು ಕಾಣದಂತೆ ಬೀದಿಯ ಕಡೆ ಕಣ್ಣಿಟ್ಟಿರುತ್ತಿದ್ದರು. ಜೆಸಲಿನ್ ‘ನಿಮ್ಮಿಂದಲೇ’ ಎಂಬ ಆ ಮಾತು ಮತ್ತೆ ಆಡಲಿಲ್ಲ. ಆಡದಿದ್ದದ್ದೇ ಹೆಚ್ಚಾಗಿ ಕೇಳುತ್ತಿತ್ತು.

ಗರಿಗಳ ಭಾನುವಾರ, ಇಗರ್ಜಿಯಿಂದ ತಂದ ತೆಂಗಿನ ಗರಿಯನ್ನು ಬಾಗಿಲಿಗೆ ಸಿಕ್ಕಿಸುತ್ತಾ ದಾದೋ ಉಪಾಯ ಹೇಳಿದ. ಲುಸೆನಾ ಪೇಟೆಯಲ್ಲಿ ಇಡೀ ಪಬಾಸಾದ ರೆಕಾರ್ಡು ಸಿಗುತ್ತದೆ, ಎಷ್ಟೋ ಮನೆಯವರು ಈಗ ಅದನ್ನೇ ಹಾಕಿ ಸುಮ್ಮನೆ ಕೂರುತ್ತಾರೆ, ಮೊದಲ ಚರಣಕ್ಕೆ ಅದನ್ನು ಹಾಕಿ ಉಳಿದದ್ದನ್ನು ಬಂದವರು ಹಾಡಲಿ ಎಂದ.

“ನಾನು ಹರಕೆ ಹೊತ್ತಿದ್ದು ಡಬ್ಬಿ ಹತ್ರ ಅಲ್ಲ,” ಎಂದಳು ಲೋಲಾ.

“ಹಾಗಾದ್ರೆ ಇವಳ ಜೀವ ಯಾಕೆ ತೆಗೀತೀಯ? ನೋಡು ಹೇಗಾಗಿದಾಳೆ. ಜ್ವರ ಬಂದಿದ್ದು ನಂಗೆ, ಮಾತು ಕೊಟ್ಟಿದ್ದು ನೀನು. ಇವಳು ಆಗ ಹುಟ್ಟೂ ಇರ್ಲಿಲ್ಲ.”

“ನೀನು ಉಳ್ದೆ.”

“ಉಳ್ದೆ. ಮೂವತ್ತೇಳು ವರ್ಷದಿಂದ ಕೇಳ್ತಿದೀನಿ ಉಳ್ದೆ ಉಳ್ದೆ ಅಂತ. ಒಂದೊಂದು ಸಲ ಅನ್ಸುತ್ತೆ ನಾನಾಯ್...”

“ಪಪ್ಪಾ,” ಎಂದಳು ಜೆಸಲಿನ್. ಅವನು ಮಾತು ನುಂಗಿಕೊಂಡ.

ಬಟ್ಟೆ ಮಡಿಸುತ್ತಿದ್ದ ರೋವೆನಾ ತಲೆ ಎತ್ತಲಿಲ್ಲ. ರೆಕಾರ್ಡು ಬೇಡ ಎಂದಳು. ಮೂವರೂ ಅವಳ ಕಡೆ ನೋಡಿದರು.

“ನಾನೇ ಹಾಡ್ತೀನಿ. ಕೆಟ್ಟದಾಗಿ ಹಾಡ್ತೀನಿ. ಆದ್ರೆ ನಾನೇ.”

ಮಡಿಸಿದ ಬಟ್ಟೆಯನ್ನು ಎದೆಗೆ ಒತ್ತಿಕೊಂಡು ಹಿತ್ತಿಲಿಗೆ ಹೋದಳು. ಅಲ್ಲಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ಉಜ್ಜತೊಡಗಿದ್ದು ಎಲ್ಲರಿಗೂ ಕೇಳಿಸಿತು.

ಗುರುವಾರ ಬೆಳಗಿನ ಆರು ಗಂಟೆಗೆ ಅಂಗಳದಲ್ಲಿ ತೆಂಗಿನ ಗರಿಯ ಚಪ್ಪರ ಸಿದ್ಧವಾಗಿತ್ತು. ಉದ್ದನೆಯ ಮೇಜು, ಎರಡು ಪುಸ್ತಕ, ಎರಡು ಮೈಕು, ಕಂಬದ ಮೇಲೆ ಬೀದಿಯ ಕಡೆ ಬಾಯಿ ತೆರೆದ ಧ್ವನಿವರ್ಧಕ. ಒಳಗೆ ದೊಡ್ಡ ಹಂಡೆಯಲ್ಲಿ ತೆಂಗಿನಹಾಲಿಗೆ ಗೆಣಸು, ಬಾಳೆಹಣ್ಣು, ಸಾಬೂದಾನಿ ಹಾಕಿ ಪಾಯಸ ಕುದಿಯುತ್ತಿತ್ತು. ನಾಲ್ಕು ಗಂಟೆಗೇ ಎದ್ದು ರೋವೆನಾ ಅದನ್ನು ಇಟ್ಟಿದ್ದಳು. ಅವಳ ಕೂದಲಿಗೆ ಹೊಗೆಯ ವಾಸನೆಯಿತ್ತು.

ಎದುರು ಕಡೆ ಆಲಿಂಗ್ ಬಿನಿಂಗ್ ಕಪ್ಪು ಮುಸುಕು ಹೊದ್ದು, ಕನ್ನಡಕ ಮೂಗಿನ ತುದಿಗಿಟ್ಟು ಕೂತಿದ್ದಳು. ಅವಳ ಅಕ್ಕಪಕ್ಕ ಇನ್ನಿಬ್ಬರು ಮುದುಕಿಯರು. ಈ ಕಡೆ ಕುರ್ಚಿಯಲ್ಲಿ ಲೋಲಾ, ನಡುವೆ ರೋವೆನಾ, ಪಕ್ಕದಲ್ಲಿ ಜೆಸಲಿನ್. ಅಂಗಳದ ತುಂಬ ನೆರೆಯವರು. ಬೇಲಿಯ ಹೊರಗೆ ತೋನ್ಯೊನ ಜೊತೆ ನಾಲ್ಕೈದು ಪಡ್ಡೆಗಳು. ದಾದೋ ಕಂಬಕ್ಕೆ ಒರಗಿ ನಿಂತಿದ್ದ, ಹಣೆಯ ಪಟ್ಟಿ ಎಲ್ಲರಿಗೂ ಕಾಣುವಂತೆ.

ಶಿಲುಬೆಯ ಗುರುತು ಹಾಕಿಕೊಂಡರು. ಜೆಸಲಿನ್ ಮೈಕಿನ ಗುಂಡಿ ಒತ್ತಿದಳು. ಮೊದಲು ಬೀದಿಗೆ ಕೇಳಿಸಿದ್ದು ರೋವೆನಾಳ ಉಸಿರು. ಧ್ವನಿವರ್ಧಕದಲ್ಲಿ ಅದು ದೊಡ್ಡ ಪ್ರಾಣಿಯೊಂದು ಚಪ್ಪರದ ಮೇಲೆ ಕೂತು ಏದುಸಿರು ಬಿಡುವ ಹಾಗಿತ್ತು. ಪುಟ ನೋಡಿದಳು. ಐದು ಸಾಲು. ಕಪ್ಪು ಅಕ್ಷರಗಳು ಒಂದೂ ಕದಲದೆ ಅವಳನ್ನೇ ನೋಡುತ್ತಿದ್ದವು. ಹಳೆಯ ಧಾಟಿ ಎಲ್ಲಿಂದ ಹಿಡಿಯಬೇಕು? ತಲೆಯಲ್ಲಿ ಹುಡುಕಿದಳು, ಖಾಲಿ. ಯಾರೋ ಕೆಮ್ಮಿದರು. ಲೋಲಾಳ ಕುರ್ಚಿ ಕಿರುಗುಟ್ಟಿತು. ರೋವೆನಾ ಬಾಯಿ ತೆರೆದಳು, ಏನೂ ಬರಲಿಲ್ಲ. ಮುಚ್ಚಿದಳು.

ಆಗ ಜೆಸಲಿನ್‌ಳ ಬೆರಳು ಪುಟದ ಮೇಲೆ ಬಂತು. ಮೊದಲ ಪದದ ಕೆಳಗೆ ನಿಂತು ಓಡತೊಡಗಿತು. ಪರದೆಯ ಮೇಲೆ ನೀಲಿ ಓಡುತ್ತಿದ್ದ ಹಾಗೆ, ಅದೇ ವೇಗದಲ್ಲಿ. ಆ ಹುಡುಗಿಗೂ ಅದೊಂದೇ ವೇಗ ಗೊತ್ತಿದ್ದದ್ದು. ರೋವೆನಾ ಬೆರಳಿನ ಹಿಂದೆ ಹೋದಳು. ದನಿ ಬಂತು. ಗಟ್ಟಿಯಾಗಿ, ಒಡೆಯದೆ, ತುಂಬಿ ಬಂತು.

ಎರಡನೆಯ ಸಾಲಿನಲ್ಲಿ ಅವಳಿಗೆ ತಿಳಿಯಿತು. ತಾನು ಹಾಡುತ್ತಿರುವುದು ಯೇಸುವಿನ ಕಥೆಯ ಮಾತು. ಧಾಟಿ ಮಾತ್ರ ಬಂದರಿನಲ್ಲಿ ಕೂತ ಹೆಂಗಸಿನದು. ಜೆಸಲಿನ್‌ಗೂ ತಿಳಿಯಿತು, ಬೆರಳು ಒಂದು ಕ್ಷಣ ತಡೆಯಿತು, ಆದರೆ ತೆಗೆಯಲಿಲ್ಲ. ದನಿ ಕಡಿಯುವಂತಿಲ್ಲ. ರೋವೆನಾ ಬೆನ್ನಿನ ಮೇಲೆ ಬೆವರಿಳಿಯುತ್ತಿದ್ದ ಹಾಗೆಯೇ ಮೂರನೆಯ ಸಾಲು, ನಾಲ್ಕನೆಯದು ಹಾಡಿದಳು. ಐದನೆಯದು, ಬೇಡವೆಂದರೂ ಕೇಳದೆ, ಮೇಲಕ್ಕೆ ಹಾರಿಯೇ ಮುಗಿಯಿತು.

ಧ್ವನಿವರ್ಧಕದ ಗುಂಯ್ ಮಾತ್ರ.

“ತೊಂಬತ್ತೈದು,” ಎಂದ ಬೇಲಿಯಾಚೆ ಒಬ್ಬ. ಇನ್ನೊಬ್ಬ ಕಿಸಕ್ಕೆಂದ.

ಎದುರು ಕಡೆಯ ಮುದುಕಿಯೊಬ್ಬಳು ಎದೆಗೆ ಶಿಲುಬೆಯ ಗುರುತು ಹಾಕಿಕೊಂಡಳು. ಎರಡನೆಯ ಚರಣ ಅವರದು. ಅವರು ಎತ್ತಿಕೊಳ್ಳದಿದ್ದರೆ ದನಿ ಇಲ್ಲೇ ಕಡಿಯುತ್ತದೆ, ಮೂವತ್ತೇಳು ವರ್ಷದಲ್ಲಿ ಮೊದಲ ಸಲ. ಲೋಲಾಳ ಎಡಗೈ ಕುರ್ಚಿಯ ಹಿಡಿಯನ್ನು ಹಿಡಿದಿದ್ದ ರೀತಿಗೆ ಬೆರಳ ಗಂಟುಗಳು ಬೆಳ್ಳಗಾಗಿದ್ದವು. ಅವಳು ಆಲಿಂಗ್ ಬಿನಿಂಗಳನ್ನು ನೋಡಿದಳು, ಮಾತಾಡಲು ಹೋದಳು, ಬಾಯಿ ವಾಲಿತು, ಮಾತು ಹೊರಡಲಿಲ್ಲ. ರೋವೆನಾ ದಾದೋನ ಹಣೆಯ ಪಟ್ಟಿಯನ್ನಷ್ಟೇ ನೋಡುತ್ತಿದ್ದಳು.

ಆಲಿಂಗ್ ಬಿನಿಂಗ್ ಬೇಲಿಯ ಕಡೆ ತಿರುಗಿ ಪಡ್ಡೆಗಳನ್ನು ಒಮ್ಮೆ ದುರುಗುಟ್ಟಿದಳು. ನಗು ನಿಂತಿತು. ಮೈಕು ತೆಗೆದುಕೊಂಡು, ಕನ್ನಡಕ ಮೇಲೆ ಸರಿಸಿ, ಎರಡನೆಯ ಚರಣ ಎತ್ತಿದಳು.

ಬಂದರಿನ ಧಾಟಿಯಲ್ಲೇ ಎತ್ತಿದಳು. ಸಾಲಿನ ಕೊನೆಯನ್ನು ಎರಡು ಸುತ್ತು ಸುತ್ತಿಸಿ, ಮೂರನೆಯ ಸಾಲಿಗೆ ದನಿ ನಡುಗಿಸಿ, ಐದನೆಯದನ್ನು ರೋವೆನಾ ಹಾರಿಸಿದ್ದಕ್ಕಿಂತ ಒಂದು ಮೆಟ್ಟಿಲು ಮೇಲೆ ಹಾರಿಸಿ ಇಳಿಸಿದಳು. ಬೀದಿಯವರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಇಪ್ಪತ್ತು ವರ್ಷದಿಂದ ಯಾವ ಹುಟ್ಟುಹಬ್ಬದಲ್ಲೂ ಅದು ಆಲಿಂಗ್ ಬಿನಿಂಗಳ ಹಾಡು. ಅವಳಿದ್ದ ಕಡೆ ಬೇರೆ ಯಾರೂ ಅದರ ಸಂಖ್ಯೆ ಒತ್ತುವ ಧೈರ್ಯ ಮಾಡುತ್ತಿರಲಿಲ್ಲ. ಗೊತ್ತಿಲ್ಲದಿದ್ದದ್ದು ಹಿತ್ತಿಲಲ್ಲಿ ಕೂರುತ್ತಿದ್ದವಳೊಬ್ಬಳಿಗೇ.

ಚರಣ ಮುಗಿಸಿ ಆಲಿಂಗ್ ಬಿನಿಂಗ್ ಮೈಕಿಗೆ ಅಂಗೈ ಅಡ್ಡ ಹಿಡಿದು ಮೇಜಿನ ಮೇಲೆ ಬಾಗಿದಳು.

“ಮೂರನೇದ್ರಿಂದ ಹಳೇ ಧಾಟಿ. ಆಟ ಸಾಕು. ನಾನು ಸಣ್ಣಗೆ ಹಿಡ್ಕೊಡ್ತೀನಿ, ಹಿಂದೆ ಬಾ.”

ರೋವೆನಾ ಹಿಂದೆ ಹೋದಳು. ಕುಂಟುತ್ತಾ ಹೋದಳು, ಮೂರನೆಯದರಲ್ಲಿ ಎರಡು ಕಡೆ, ಐದನೆಯದರಲ್ಲಿ ಒಂದು ಕಡೆ ಎಡವಿದಳು. ‘ಇ’ಗಳು ಬಂದಲ್ಲೆಲ್ಲ ಬಂದವು, ಧ್ವನಿವರ್ಧಕ ಅವನ್ನು ಇಗರ್ಜಿಯ ತನಕ ಒಯ್ದಿತು. ಹನ್ನೊಂದನೆಯ ಚರಣದ ಹೊತ್ತಿಗೆ ಜೆಸಲಿನ್ ಬೆರಳು ತೆಗೆದು, ತಾನೂ ದನಿ ಸೇರಿಸಿದಳು. ಲೋಲಾ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ಸಮಾಧಾನವಾಗಿದೆಯೋ ಇಲ್ಲವೋ ಮುಖದಿಂದ ತಿಳಿಯುವಂತಿರಲಿಲ್ಲ. ಆ ಮುಖದ ಅರ್ಧ ಈಗ ಯಾವುದನ್ನೂ ಹೇಳುತ್ತಿರಲಿಲ್ಲ. ಮಧ್ಯೆ ಒಮ್ಮೆ ಶುಂಠಿ ಕಷಾಯ ಕೇಳಿ ಪಡೆದು, ಪೂರ್ತಿ ಲೋಟ ಕುಡಿದಳು.

ಏಳೂವರೆಗೆ ಮುಂದಿನ ಸರದಿಯ ಹೆಂಗಸರಿಬ್ಬರು ಬಂದು ರೋವೆನಾಳ ಬೆನ್ನ ಹಿಂದೆ ನಿಂತರು. ಒಬ್ಬಳು ಆಗಲೇ ಕೈ ಚಾಚಿದ್ದಳು. ಒಳಗಿನಿಂದ ದಾದೋ ಬಂದು, ಪಾಯಸ ತಳ ಹತ್ತುತ್ತಿದೆ, ಬಂದವರಿಗೆ ಬಡಿಸಬೇಕು ಎಂದು ಪಿಸುಗುಟ್ಟಿದ. ಎದುರು ಕಡೆಯವರ ಚರಣ ಮುಗಿಯುತ್ತಾ ಬಂದಿತ್ತು.

“ಮೈಕು ಕೊಡು, ತಂಗಿ,” ಎಂದಳು ಹಿಂದೆ ನಿಂತವಳು. “ನೀನು ಹೋಗಿ ಏನಾದ್ರೂ ತಿನ್ನು.”

ರೋವೆನಾ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಈ ಪುಟ ಮುಗೀಲಿ, ಅಕ್ಕ,” ಎಂದಳು. ಹಾಗೆಂದದ್ದು ಇಡೀ ಬೀದಿಗೆ ಕೇಳಿಸಿತು.